ಸೂರು ಮುಟ್ಟದ ಗೋಡೆ

ವಿಮೆಯನ್ನು ಮುಂದುವರಿಸುವುದಿಲ್ಲ ಎಂದು ಕಂಪನಿಯವರು ಫೋನ್ ಮಾಡಿದಾಗ ನಾನು ಲಂಡನ್ನಿನ ಕ್ರೋಯ್ಡನ್‌ನಲ್ಲಿರುವ ನಮ್ಮ ಆಫೀಸಿನ ಕಿಟಕಿಯ ಬಳಿ ನಿಂತು, ಮಂಜಿನೊಳಗಿಂದ ಟ್ರ್ಯಾಮ್ ಬರುವುದನ್ನು ನೋಡುತ್ತಿದ್ದೆ. ಅಕ್ಟೋಬರ್ ಮುಗಿಯುತ್ತಿತ್ತು. ಆ ದಿನಗಳಲ್ಲಿ ಬೆಳಗಿನ ಹೊತ್ತು ಊರೆಲ್ಲ ಹಾಲಿನಲ್ಲಿ ಅದ್ದಿ ತೆಗೆದ ಹಾಗಿರುತ್ತಿತ್ತು. ಮೊದಲು ದೀಪ ಕಾಣುವುದು, ಆಮೇಲೆ ಗಂಟೆಯ ಸದ್ದು, ಎಷ್ಟೋ ಹೊತ್ತಾದ ಮೇಲೆ ಟ್ರ್ಯಾಮ್. ಫೋನಿನ ಆ ಕಡೆಯ ದನಿ ಬಹಳ ಮೆತ್ತಗಿತ್ತು.

"ನಿಮ್ಮ ಗ್ರಾಹಕರ ಮೇಲೆ ನಮಗೆ ಯಾವ ದೂರೂ ಇಲ್ಲ. ಆದರೆ ನಮಗೇ ವಿಮೆ ಕೊಡುವ ದೊಡ್ಡ ಕಂಪನಿ ಒಂದಿದೆಯಲ್ಲ, ಅವರು ಗಾಂಜಾ ಅನ್ನುವ ಹೆಸರಿದ್ದರೆ ಇನ್ನು ಮೇಲೆ ಮುಟ್ಟಬೇಡಿ ಅಂದಿದ್ದಾರೆ. ನವೆಂಬರ್ ಕೊನೆಯವರೆಗೆ ಮಾತ್ರ."

ನಾನು ಇನ್ಶೂರೆನ್ಸ್ ಬ್ರೋಕರ್. ಅಂಗಡಿ, ಗೋದಾಮು, ಸಣ್ಣ ಕಾರ್ಖಾನೆ ಇಟ್ಟುಕೊಂಡವರಿಗೆ ಯಾವ ವಿಮೆ ಬೇಕು ಎಂದು ನೋಡಿ, ಅದನ್ನು ಕೊಡುವ ಕಂಪನಿ ಹುಡುಕಿ ಹೊಂದಿಸುವುದು ನನ್ನ ಕೆಲಸ. ಅವರು ಹೇಳುತ್ತಿದ್ದ ಗ್ರಾಹಕರು ಪಾರ್ಕ್ ರಾಯಲ್‌ನಲ್ಲಿ ಫಾರ್ಮಸಿ ನಡೆಸುತ್ತಿದ್ದ ಹೆಂಗಸು. ವಿಜಯಪುರದವರು, ರೇನರ್ಸ್ ಲೇನ್‌ನಲ್ಲಿ ಮನೆ. ನಾನು ಧಾರವಾಡದವಳು. ಮೊದಲ ಸಲ ಭೇಟಿಯಾದಾಗ ಇಬ್ಬರೂ ಇಂಗ್ಲಿಷಿನಲ್ಲಿ ತುಸು ಹೊತ್ತು ಮಾತಾಡಿ, ಆಮೇಲೆ ನಗುತ್ತಾ ಅದನ್ನು ಬಿಟ್ಟಿದ್ದೆವು. ಅವರು ನನಗಿಂತ ಹಿರಿಯರು. ನಾನು ಅಕ್ಕಾ ಅನ್ನುತ್ತಿದ್ದೆ.

ಅವರದು ಬೀದಿಯ ಮೇಲಿನ ಔಷಧಿ ಅಂಗಡಿಯಲ್ಲ. ಬೇರೆ ಯಾವ ಮದ್ದಿಗೂ ಬಗ್ಗದ ನೋವು, ಸೆಳವು, ಮೂರ್ಛೆ ಇರುವವರಿಗೆ ಈ ದೇಶದಲ್ಲಿ ತಜ್ಞ ವೈದ್ಯರು ಗಾಂಜಾದಿಂದ ಮಾಡಿದ ಔಷಧ ಬರೆದುಕೊಡಬಹುದು. ಅಕ್ಕ ಅದನ್ನು ಹೊರದೇಶದಿಂದ ತರಿಸಿ, ಬೀಗ ಹಾಕಿಟ್ಟು, ಚೀಟಿ ನೋಡಿ ರೋಗಿಗಳಿಗೆ ಕಳಿಸುತ್ತಿದ್ದರು. ಸರ್ಕಾರದ ಲೈಸೆನ್ಸ್ ಇತ್ತು. ಎಲ್ಲವೂ ಕಾನೂನಿನೊಳಗೇ ಇತ್ತು. ಆದರೆ ಕಾನೂನು ಒಪ್ಪಿದ್ದನ್ನು ವಿಮೆಯವರು ಒಪ್ಪಬೇಕೆಂದಿಲ್ಲ. ಔಷಧದಿಂದ ಯಾರಿಗಾದರೂ ತೊಂದರೆಯಾದರೆ ಪರಿಹಾರ ಕೊಡುವ ವಿಮೆ ಇಲ್ಲದೆ ಫಾರ್ಮಸಿಸ್ಟ್ ಇಲ್ಲಿ ಕೆಲಸ ಮಾಡುವ ಹಾಗಿಲ್ಲ. ಕಳವು, ಬೆಂಕಿಗೆ ವಿಮೆ ಇಲ್ಲದಿದ್ದರೆ ಕಟ್ಟಡದ ಮಾಲೀಕರು ಬಾಡಿಗೆಗೆ ಇಟ್ಟುಕೊಳ್ಳುವುದಿಲ್ಲ. ನವೆಂಬರ್ ಮುಗಿದ ದಿನ ಅಕ್ಕ ಶಟರ್ ಎಳೆಯಬೇಕಾಗುತ್ತಿತ್ತು.

ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

"ನಂದೇನರ ತಪ್ಪಾಗೇದೇನ್ರಿ?"

"ಇಲ್ಲಕ್ಕಾ. ನಿಮ್ಮದೇನೂ ಇಲ್ಲ. ಹೆಸರು ಕೇಳಿ ಹೆದರ್ಯಾರ."

"ಹೆಸರು ಬ್ಯಾರೆ ಇಡೂಣೇನು ಹಂಗಾರ?" ಎಂದು ನಕ್ಕರು. ಆಮೇಲೆ, "ಹುಡುಕ್ರಿ ತಂಗಿ. ನನ್ನ ಮಂದಿ ಎಲ್ಲಿಗೆ ಹೋಗಬೇಕು?" ಅಂದರು.

ಹುಡುಕತೊಡಗಿದೆ. ನಮ್ಮ ಕೆಲಸದಲ್ಲಿ ಇದಕ್ಕೊಂದು ಕ್ರಮವಿದೆ. ವ್ಯಾಪಾರ ಎಂಥದ್ದು, ಸರಕು ಎಲ್ಲಿಂದ ಬರುತ್ತದೆ, ಯಾವ ವ್ಯಾನಿನಲ್ಲಿ ಹೋಗುತ್ತದೆ, ಬಾಗಿಲು ಯಾವ ಲೋಹದ್ದು, ಅಲಾರ್ಮ್ ಕೂಗಿದರೆ ಯಾರು ಬರುತ್ತಾರೆ, ಹಿಂದೆ ಏನಾದರೂ ಅವಘಡ ಆಗಿತ್ತೇ, ಎಲ್ಲವನ್ನೂ ಬಿಡಿಸಿ ಬರೆದು ಅಂಡರ್‌ರೈಟರ್‌ಗಳ ಮುಂದೆ ಇಡಬೇಕು. ಅಪಾಯವನ್ನು ತೂಗಿ ವಿಮೆ ಕೊಡುವುದೋ ಬಿಡುವುದೋ ಎಂದು ತೀರ್ಮಾನ ಮಾಡುವವರು ಅವರು. ಅವರ ತೀರ್ಮಾನ ಬದಲಾಗಬಹುದಾದ ಯಾವುದನ್ನೂ ಗ್ರಾಹಕರು ಮುಚ್ಚಿಡಬಾರದು ಎಂಬುದು ಇಲ್ಲಿನ ಕಾನೂನು. ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ, ವಿಮೆ ಕಾಗದದಲ್ಲಿದ್ದರೂ ಇಲ್ಲದ ಹಾಗೆಯೇ.

ಬಂದ ಉತ್ತರಗಳೆಲ್ಲ ಒಂದೇ ದನಿಯವು. ಒಬ್ಬರು ಹಸಿವಿಲ್ಲ ಅಂದರು. ಈ ಬಗೆಯ ಅಪಾಯ ಬೇಡ ಅನ್ನುವುದಕ್ಕೆ ನಮ್ಮ ಪೇಟೆಯಲ್ಲಿ ಹಾಗೇ ಹೇಳುವುದು. ಇನ್ನೊಬ್ಬರು ಎಲ್ಲ ವಿಮೆಯನ್ನೂ ಕೊಡಲು ಒಪ್ಪಿ, ಕೊನೆಯ ಪುಟದಲ್ಲಿ ಗಾಂಜಾದಿಂದಾಗುವ ಯಾವ ನಷ್ಟಕ್ಕೂ ಇದು ಅನ್ವಯಿಸುವುದಿಲ್ಲ ಎಂದು ಬರೆದಿದ್ದರು. ಮಾರುವುದೇ ಅದನ್ನು ಅಂದಾಗ, ಓ ಹೌದಲ್ಲ, ಅಂದರು. ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತಿತ್ತು. ರೈಲಿನ ಕಿಟಕಿಯಲ್ಲಿ ನನ್ನದೇ ಮುಖ, ಅದರ ಹಿಂದೆ ತೇಲಿಹೋಗುವ ಮನೆಗಳ ಹಳದಿ ದೀಪಗಳು. ಒಮ್ಮೊಮ್ಮೆ ನಾನು ಹೋಗುತ್ತಿದ್ದೇನೋ ಬರುತ್ತಿದ್ದೇನೋ ತಿಳಿಯದೆ, ಸ್ಟೇಷನ್ನಿನ ಹೆಸರು ಓದಿದ ಮೇಲೆ ಎಚ್ಚರಾಗುತ್ತಿತ್ತು.

ಕೊನೆಗೆ ಸಿಟಿಯಲ್ಲಿ, ಅಂದರೆ ಲಂಡನ್ನಿನ ಬ್ಯಾಂಕು, ವಿಮೆ ಕಂಪನಿಗಳ ಪೇಟೆಯಲ್ಲಿ, ಒಂದು ಗಾಜಿನ ಕಟ್ಟಡದಲ್ಲಿ ಒಬ್ಬ ಅಂಡರ್‌ರೈಟರ್ ಸಿಕ್ಕರು. ಎತ್ತರದ ಮನುಷ್ಯ. ಕೇಳುವಾಗ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ; ನಿದ್ದೆ ಹೋದರೇನೋ ಅನ್ನಿಸುತ್ತಿತ್ತು. ನಾನು ಮಾತು ನಿಲ್ಲಿಸಿದಾಗ ಕಣ್ಣು ತೆರೆದು ಕೇಳಿದರು: "ಕದಿಯುವವರು ಎಲ್ಲಿಂದ ಒಳಗೆ ಬರುತ್ತಾರೆ?"

"ಇದುವರೆಗೆ ಯಾರೂ ಬಂದಿಲ್ಲ."

"ಅದಲ್ಲ ನಾನು ಕೇಳಿದ್ದು. ನಮ್ಮ ಸರ್ವೇಯರ್ ನೋಡಿ ಬರಲಿ. ಅವರ ವರದಿ ಚೆನ್ನಾಗಿದ್ದರೆ ನಾನು ಕೊಡುತ್ತೇನೆ."

ಕಂಪನಿಯ ಪರವಾಗಿ ಕಟ್ಟಡದ ಭದ್ರತೆ ಪರೀಕ್ಷಿಸುವ ಸರ್ವೇಯರ್ ಬರುವ ದಿನ ನಾನೂ ಹೋದೆ. ಪಾರ್ಕ್ ರಾಯಲ್ ಅಂದರೆ ಗೋದಾಮುಗಳ ಊರು. ತಗಡಿನ ಸೂರಿನ ಉದ್ದುದ್ದ ಶೆಡ್ಡುಗಳನ್ನು ಗೋಡೆ ಎಬ್ಬಿಸಿ ಪಾಲು ಮಾಡಿರುತ್ತಾರೆ. ಒಂದರಲ್ಲಿ ಮೀನು, ಪಕ್ಕದಲ್ಲಿ ಹೂವು, ಅದರಾಚೆ ಲಿಫ್ಟಿನ ಬಿಡಿಭಾಗ. ಅಕ್ಕನ ಪಕ್ಕದ್ದು ಬೇಕರಿ. ಇಂಡಿಯನ್ ಅಂಗಡಿಗಳಿಗೆ ಹೋಗುವ ರಸ್ಕು, ಜೀರಿಗೆ ಬಿಸ್ಕತ್ತು ಅಲ್ಲೇ ಆಗುತ್ತಿದ್ದವು. ಮಂಜಿನಲ್ಲಿ ಆ ಪರಿಮಳವೊಂದೇ ದಾರಿ ತೋರಿಸುತ್ತಿತ್ತು.

ಒಳಗೆ ಕಾಲಿಟ್ಟಾಗ ಬಾಗಿಲ ಬಳಿಯ ಕುರ್ಚಿಯಲ್ಲಿ ವಯಸ್ಸಾದವರೊಬ್ಬರು ಕೂತಿದ್ದರು. ಕಪ್ಪು ಕೋಟು, ಉಜ್ಜಿ ಮಿಂಚಿಸಿದ ಬೂಟು. ಚಿಕ್ಕವರಿದ್ದಾಗ ಬಾರ್ಬಡೋಸ್‌ನಿಂದ ಬಂದು, ಜೀವಮಾನವೆಲ್ಲ ಲಂಡನ್ನಿನಲ್ಲಿ ಬಸ್ಸು ಓಡಿಸಿದವರಂತೆ. ನರದ ಕಾಯಿಲೆಯಿಂದ ಕಾಲಿನ ಸ್ನಾಯುಗಳು ಹಗ್ಗದ ಹಾಗೆ ಹುರಿಗೊಳ್ಳುತ್ತಿದ್ದವು. ಅವರಿಗೆ ಇಲ್ಲಿಂದ ಗಾಂಜಾದ ಎಣ್ಣೆ ಹೋಗುತ್ತಿತ್ತು. ಉಳಿದವರಿಗೆಲ್ಲ ಕೊರಿಯರ್, ಇವರು ಮಾತ್ರ ಬಸ್ಸಿನಲ್ಲಿ ತಾವೇ ಬರುತ್ತಿದ್ದರು.

"ನಾನು ಬಂದರೆ ಕಾಲು ಕೆಲಸ ಮಾಡುತ್ತಿದೆ ಅಂತ ಇವರಿಗೆ ಗೊತ್ತಾಗುತ್ತೆ," ಎಂದು ನನ್ನತ್ತ ನೋಡಿ ನಕ್ಕರು. "ಕಾಗದದಲ್ಲಿ ಬರೆದರೆ ಯಾರು ನಂಬುತ್ತಾರೆ?"

ಸರ್ವೇಯರ್ ಚುರುಕಿನ ಮನುಷ್ಯ. ಬಾಗಿಲಿನ ದಪ್ಪ, ಕ್ಯಾಮೆರಾಗಳ ದಿಕ್ಕು, ಅಲಾರ್ಮಿನ ತಂತಿ, ಬೆಂಕಿ ಆರಿಸುವ ಸಲಕರಣೆ, ಒಂದನ್ನೂ ಬಿಡಲಿಲ್ಲ. ಕೊನೆಗೆ ಔಷಧ ಇಡುವ ಭದ್ರಕೋಣೆ. ಎರಡು ಬೀಗ, ಎರಡು ಕೀಲಿ, ಇಬ್ಬರು ಬೇಕು ತೆರೆಯಲು. ಒಳಗೆ ತೇವ ಹೀರುವ ಯಂತ್ರದ ಸಣ್ಣ ಗುಂಯ್‌ಗುಡುವಿಕೆ, ಬಿಳಿ ದೀಪ, ಸಾಲಾಗಿ ಮುದ್ರೆಯೊತ್ತಿದ ಡಬ್ಬಗಳು. ವ್ಯಾಪಾರ ಬೆಳೆದಿದ್ದರಿಂದ ಹೋದ ಬೇಸಿಗೆಯಲ್ಲಿ ಕೋಣೆಯನ್ನು ಹಿಂದಕ್ಕೆ ಬೇಕರಿಯ ಗೋಡೆಯವರೆಗೆ ಬೆಳೆಸಿದ್ದರು. ಸರ್ವೇಯರ್ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದರು. ಗಟ್ಟಿ ಇಟ್ಟಿಗೆ. ತಲೆಯಾಡಿಸಿ, ಕೈಕುಲುಕಿ ಹೊರಟುಹೋದರು.

ಮತ್ತೆ ಬೀಗ ಹಾಕಲು ಎರಡನೆಯ ಕೀಲಿ ಹಿಡಿದ ಸಹಾಯಕಿ ಬರಲೆಂದು ನಾನೂ ಅಕ್ಕನೂ ಕೋಣೆಯಲ್ಲೇ ಕಾದೆವು. ನನಗೆ ದಣಿವಾಗಿತ್ತು. ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಯಂತ್ರದ ಗುಂಯ್‌ಗುಡುವಿಕೆ ದೂರ ದೂರ ಸರಿಯಿತು. ಎಳೆ ಬಿಸಿಲಿನಲ್ಲಿ ನಿಂತಂತೆ ಮುಖಕ್ಕೆ ಬೆಚ್ಚಗಾಯಿತು. ಬೆಣ್ಣೆ ಕರಗುತ್ತಿತ್ತು, ಯಾರೋ ಜೀರಿಗೆ ಹುರಿಯುತ್ತಿದ್ದರು. ಹಿತವಾಗಿ ಅಲ್ಲೇ ನಿಂತುಬಿಡೋಣ ಅನ್ನಿಸಿತು. ಎಷ್ಟು ಹೊತ್ತು ಹಾಗಿದ್ದೆನೋ, ತಟ್ಟನೆ ಕಣ್ಣು ಬಿಟ್ಟೆ.

"ಅಕ್ಕಾ, ನಿಮಗ ಬಿಸ್ಕೀಟಿನ ವಾಸನಿ ಬರಾಕತ್ತೇತೇನು?"

"ದಿನಾ ಬರತದಲ್ರಿ. ಬಾಜೂಕನ ಬೇಕರಿ ಅದ."

"ಹೊರಗ ಬರಲಿ. ಈ ಖೋಲಿಯೊಳಗ ಹೆಂಗ ಬಂತು? ಬಾಗಿಲಾ ಹಾಕೇತಿ. ಗಾಳಿ ಹೋಗಿಬರೂ ಪೈಪು ಆ ಕಡೀಗೈತಿ."

ಅಕ್ಕ ನನ್ನ ಮುಖ ನೋಡಿದರು. ಆಮೇಲೆ ಇಬ್ಬರೂ ತಲೆಯೆತ್ತಿ, ತಗಡಿನ ಸೂರನ್ನು ಮರೆಮಾಡಲು ಕೋಣೆಯ ಮೇಲೆ ಹಾಸಿದ್ದ ಹಗುರ ಹಲಗೆಗಳನ್ನು ನೋಡಿದೆವು.

ಏಣಿ ತಂದು ನಾನೇ ಹತ್ತಿದೆ. ಮೂಲೆಯ ಹಲಗೆಯನ್ನು ತಳ್ಳಿದರೆ ಅದು ಸಲೀಸಾಗಿ ಎದ್ದಿತು. ಹಳೆಯ ಕೋಣೆಯ ಮೇಲೆ ಉಕ್ಕಿನ ಜಾಲರಿ ಇತ್ತು. ಹೊಸದಾಗಿ ಬೆಳೆಸಿದ ಭಾಗದ ಮೇಲೆ ಇರಲಿಲ್ಲ. ಫೋನಿನ ದೀಪ ಹಾಕಿ ತಲೆ ಒಳಗೆ ಚಾಚಿದೆ. ಬೇಕರಿಗೂ ನಮಗೂ ನಡುವಿನ ಆ ಗಟ್ಟಿ ಗೋಡೆ ಹಲಗೆಗಿಂತ ಒಂದು ಗೇಣು ಮೇಲೆ ಹೋಗಿ ನಿಂತುಬಿಟ್ಟಿತ್ತು. ಅದರ ಮೇಲೆ ಸೂರಿನವರೆಗೆ ಬರೀ ಕತ್ತಲು. ಆ ಕತ್ತಲಿನಾಚೆ ಬೇಕರಿಯ ಒಲೆಗಳ ಕೆಂಪು ಬೆಳಕು ತಗಡಿಗೆ ಬಿದ್ದು ಅಲುಗುತ್ತಿತ್ತು. ಬಿಸಿ ಗಾಳಿ ಮುಖಕ್ಕೆ ಬಂತು. ಹೆಣ್ಣುಮಕ್ಕಳ ನಗು, ತಟ್ಟೆಗಳ ಸದ್ದು ಕೇಳಿಸಿತು. ನೋಡಲು ಅದೆಷ್ಟು ಚೆಂದವಿತ್ತೆಂದರೆ ಒಂದು ಗಳಿಗೆ ನಾನು ಯಾಕೆ ಹತ್ತಿದೆ ಎಂಬುದೇ ಮರೆತುಹೋಯಿತು. ಆಮೇಲೆ ಆ ಸಂದಿನ ಅಗಲ ಕಣ್ಣಿಗೆ ಬಿತ್ತು. ಒಬ್ಬ ಮನುಷ್ಯ ಆರಾಮಾಗಿ ತೆವಳಿಕೊಂಡು ಬರಬಹುದಿತ್ತು.

ಏಣಿ ಇಳಿದು ಹೇಳಿದೆ. ಅಕ್ಕ ತಾವೂ ಹತ್ತಿ ನೋಡಿ ಬಂದರು. ಸೀರೆಯ ಸೆರಗಿಗೆ ಧೂಳು ಮೆತ್ತಿತ್ತು. ಅದನ್ನು ಕೊಡವುತ್ತಾ ಹೇಳಿದರು:

"ಕಟ್ಟಿದಾಂವ ಸೂರಿನ ತನಾ ಗ್ವಾಡಿ ಅದ ಅಂದಿದ್ದ. ನಂಬಿಬಿಟ್ಟೆ ನೋಡ್ರಿ."

"ಈಗೇನ್ ಮಾಡೂನಕ್ಕಾ?"

"ಸರ್ವೇಯರ್ ನೋಡಿ ಹೋಗ್ಯಾರ. ಅವರಿಗೇ ಕಾಣಲಿಲ್ಲ." ಅವರು ನನ್ನನ್ನು ನೋಡದೆ ಮಾತಾಡುತ್ತಿದ್ದರು. "ನಾವು ಹೇಳಲಿಲ್ಲಂದ್ರ ಏನಾಗತದ? ಪಾಲಿಸಿ ಬರತದ. ಅಷ್ಟರಾಗ ಗ್ವಾಡಿ ಏರಿಸಿಬಿಡತೀನಿ."

ನಾನು ಆಫೀಸಿಗೆ ಮರಳಿ ನಮ್ಮ ಮ್ಯಾನೇಜರಿಗೆ ಹೇಳಿದೆ. ಒಳ್ಳೆಯ ಮನುಷ್ಯ, ನನಗೆ ಕೆಲಸ ಕಲಿಸಿದವರು. ಅವರು ಟೀ ಕಪ್ಪನ್ನು ತಿರುಗಿಸುತ್ತಾ ಯೋಚಿಸಿದರು.

"ಗೋಡೆ ಕಟ್ಟಿಸುತ್ತೇನೆ ಅನ್ನುತ್ತಿದ್ದಾರೆ. ಅಂದರೆ ಆಮೇಲೆ ದೋಷವೇ ಇರುವುದಿಲ್ಲ. ಹೇಳಿದರೆ ಅಂಡರ್‌ರೈಟರ್ ಹಿಂದೆ ಸರಿಯುತ್ತಾರೆ. ಫಾರ್ಮಸಿ ಮುಚ್ಚುತ್ತದೆ. ಅವರ ರೋಗಿಗಳಿಗೆ ಏನು ಹೇಳುತ್ತೀಯ?"

"ಆ ನಡುವೆ ಕಳವಾದರೆ?"

"ಆಗುವುದಿಲ್ಲ ಅಂತ ಹೇಳಲಾರೆ," ಅಂದರು. "ಹೇಳು ಅಂತಲೂ ಬೇಡ ಅಂತಲೂ ನಾನು ಹೇಳುವುದಿಲ್ಲ. ಗ್ರಾಹಕರು ನಿನ್ನವರು."

ಮರುದಿನ ನಾನು ಮತ್ತೆ ಪಾರ್ಕ್ ರಾಯಲ್‌ಗೆ ಹೋದೆ. ದಾರಿಯುದ್ದಕ್ಕೂ ನನ್ನೊಳಗೆ ಎರಡು ಮಾತುಗಳು ಜೊತೆಜೊತೆಯಾಗಿ ನಡೆದಿದ್ದವು. ಮುಚ್ಚಿದರೆ ನೋವು ತಿನ್ನುವವರು ಇದ್ದಾರೆ, ಅದು ಖಂಡಿತ. ಕಳವು ಆಗಬಹುದು, ಆಗದೆಯೂ ಇರಬಹುದು. ಖಂಡಿತವಾದದ್ದನ್ನು ಬಿಟ್ಟು ಅನುಮಾನದ ಕಡೆ ಯಾಕೆ ವಾಲಬೇಕು? ಆದರೆ ವಿಮೆ ಎಂಬುದು ಇರುವುದೇ ಆ ಅನುಮಾನಕ್ಕಾಗಿ. ಗೊತ್ತಿದ್ದೂ ಹೇಳದೆ ಕೊಡಿಸಿದ ಪಾಲಿಸಿ, ಬೇಕಾದ ದಿನ ಅಕ್ಕನ ಕೈಯಲ್ಲಿ ಬರೀ ಕಾಗದವಾಗುತ್ತಿತ್ತು. ಆ ಗಾಜಿನ ಕಟ್ಟಡದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಮನುಷ್ಯ ಕೇಳಿದ್ದೂ ಅದೊಂದನ್ನೇ: ಎಲ್ಲಿಂದ ಒಳಗೆ ಬರುತ್ತಾರೆ? ಈಗ ನನಗೆ ಉತ್ತರ ಗೊತ್ತಿತ್ತು.

ಅಕ್ಕ ಟೀ ಮಾಡಿಕೊಟ್ಟರು. ನಾನು ಹೇಳಬೇಕಾದದ್ದನ್ನು ಹೇಳಿದೆ. "ನೀವು ಬ್ಯಾಡ ಅಂದ್ರ ನಾ ಹೇಳಾಕ ಬರೂದಿಲ್ಲಕ್ಕಾ. ಆದ್ರ ಆಮ್ಯಾಲ ಈ ಪಾಲಿಸಿಗೆ ನಾ ಬ್ರೋಕರ್ ಆಗಿ ಇರಾಂಗಿಲ್ಲ."

ಹೊರಗೆ ಲಾರಿಯೊಂದು ಹಿಂದೆ ಹಿಂದೆ ಬರುವ ಪೀಂಪೀಂ ಸದ್ದು.

"ರಾತ್ರೆಲ್ಲಾ ನನಗೂ ಅದ ವಿಚಾರ," ಅಂದರು. "ಕದ್ದಿದ್ದು ಎಲ್ಲಿಗೆ ಹೋಗತದ್ರಿ? ಯಾವುದರೆ ಸಾಲಿ ಗೇಟಿನ ಮುಂದ. ನನ್ನ ಡಬ್ಬಿ ಮ್ಯಾಲಿನ ಹೆಸರು ಹರದು ಒಗದು ಮಾರತಾರ. ಆವಾಗ ಮಂದಿ ಏನಂತಾರ? ಇದು ಔಷಧ ಅಲ್ಲ, ಬರೇ ಗಾಂಜಾನ ಅಂತಾರ. ಹೇಳಿಬಿಡ್ರಿ."

ಅವರ ಎದುರಿಗೇ ಅಂಡರ್‌ರೈಟರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, "ನಮ್ಮ ಸರ್ವೇಯರ್ ನೋಡಲಿಲ್ಲವೇ?" ಅಂದರು. ಇಲ್ಲ ಅಂದೆ. "ಗೋಡೆ ಸೂರು ಮುಟ್ಟಿದ ಮೇಲೆ ಮಾತಾಡೋಣ. ಅಲ್ಲಿಯವರೆಗೆ ನಾನು ಕೊಡಲಾರೆ," ಎಂದು ಫೋನ್ ಇಟ್ಟರು. ಬಯ್ಯಲಿಲ್ಲ, ಹೊಗಳಲೂ ಇಲ್ಲ. ಲೈಸೆನ್ಸ್ ಕೊಟ್ಟವರಿಗೂ ಅಕ್ಕ ಅಂದೇ ತಿಳಿಸಿದರು. ಅವರು ಸರಕನ್ನೆಲ್ಲ ಲೈಸೆನ್ಸ್ ಇರುವ ಇನ್ನೊಂದು ಗೋದಾಮಿಗೆ ಸಾಗಿಸಲು ಹೇಳಿದರು. ಕಾವಲಿನ ವ್ಯಾನು ಬಂದು ಡಬ್ಬಗಳನ್ನು ಒಯ್ದ ಮೇಲೆ ಭದ್ರಕೋಣೆ ಖಾಲಿ ಬಿತ್ತು. ಅಭ್ಯಾಸಬಲದಿಂದ ಅಕ್ಕನೂ ಸಹಾಯಕಿಯೂ ಸೇರಿ ಎರಡೂ ಬೀಗ ಹಾಕಿದರು.

ನವೆಂಬರ್ ಮುಗಿಯಿತು. ಶಟರ್ ಬಿತ್ತು.

ಗೋಡೆ ಏರಿಸುವುದು ಸಣ್ಣ ಕೆಲಸ ಅಂದುಕೊಂಡಿದ್ದೆವು. ಅದು ಎರಡೂ ಕಡೆಯವರಿಗೆ ಸೇರಿದ ಗೋಡೆ. ಮಾಲೀಕರ ಒಪ್ಪಿಗೆ ಬೇಕು, ಬೇಕರಿಯವರ ಒಪ್ಪಿಗೆ ಬೇಕು, ಧೂಳು ಹಿಟ್ಟಿಗೆ ಬೀಳದ ಹಾಗೆ ಮರೆ ಕಟ್ಟಬೇಕು. ಬೇಕರಿಯ ಯಜಮಾನರು ಒಪ್ಪಿದರು, ಆದರೆ ಒಲೆ ಆರಿಸುವ ಭಾನುವಾರ ಮಾತ್ರ. ಒಂದು ಭಾನುವಾರ ಗಾರೆಯವರು ಬರಲಿಲ್ಲ. ಇನ್ನೊಂದು ಭಾನುವಾರ ತಗಡಿನಡಿಯ ಹಳೇ ಹೊದಿಕೆಯನ್ನು ಕಂಡು, ಇದರಲ್ಲಿ ಆಸ್ಬೆಸ್ಟಾಸಿನ ವಿಷದ ನಾರು ಇರಬಹುದು, ಪರೀಕ್ಷೆ ಮಾಡಿಸದೆ ಮುಟ್ಟುವುದಿಲ್ಲ ಎಂದು ಹೊರಟುಹೋದರು.

ಅಕ್ಕ ಖಾಲಿ ಅಂಗಡಿಯಲ್ಲಿ ಕೋಟು ಹಾಕಿಕೊಂಡು ಕೂತು ರೋಗಿಗಳಿಗೆ ಫೋನ್ ಮಾಡುತ್ತಿದ್ದರು. ಈ ಔಷಧದ ಚೀಟಿಯನ್ನು ಒಂದು ಫಾರ್ಮಸಿಯಿಂದ ಇನ್ನೊಂದಕ್ಕೆ ಸುಮ್ಮನೆ ಕಳಿಸಲಾಗುವುದಿಲ್ಲ; ಬಹಳಷ್ಟು ಸಲ ವೈದ್ಯರು ಹೊಸದಾಗಿ ಬರೆಯಬೇಕು. ಬರೆದರೂ ಅಲ್ಲಿ ಅದೇ ಎಣ್ಣೆ, ಗಾಂಜಾ ಗಿಡದ ಅದೇ ಬಗೆಯ ಹೂವು ಇರಬೇಕು. ಕೆಲವರು ಅತ್ತರು. ಒಬ್ಬ ತಾಯಿ, ನಿಮ್ಮ ಗೋಡೆ ನನ್ನ ಮಗಳ ಮೂರ್ಛೆಗಿಂತ ದೊಡ್ಡದಾಯಿತೇ, ಎಂದು ಕೂಗಿದ್ದು ಫೋನಿನಿಂದ ಈಚೆಗೆ ನನಗೂ ಕೇಳಿಸಿತು. ಅಕ್ಕ ವಾದ ಮಾಡಲಿಲ್ಲ. ಆ ಮಗುವಿಗೆ ಬೇರೆ ಕಡೆ ಔಷಧ ಸಿಗುವವರೆಗೆ ದಿನವೆಲ್ಲ ಫೋನ್ ಬಿಡಲಿಲ್ಲ. ಸಂಜೆ ಸಿಕ್ಕಿತು. ಆಗಲೂ ಅವರ ಮುಖ ಅರಳಲಿಲ್ಲ.

ಮನೆಯಲ್ಲಿ ಅವರ ತಾಯಿ ಇದ್ದರು. ಮಗಳದು ಆಯುರ್ವೇದದ ಗೋದಾಮು ಅಂತಲೇ ಅವರು ತಿಳಿದಿದ್ದದ್ದು. ಹೊತ್ತಿಗೆ ಮುಂಚೆ ಮನೆಗೆ ಬರುವ ಮಗಳನ್ನು ನೋಡಿ ಏನಾಯಿತೆಂದು ಕೇಳಿದರಂತೆ. ಅಕ್ಕ ಈ ಸಲ ಇದ್ದದ್ದನ್ನು ಇದ್ದಂತೆಯೇ ಹೇಳಿಬಿಟ್ಟರು.

"ಅವ್ವ ಆವತ್ತೆಲ್ಲಾ ಮಾತಾಡಲಿಲ್ರಿ," ಎಂದು ನನಗೆ ಹೇಳಿದರು. "ಮರುದಿನ ರೊಟ್ಟಿ ಬಡಕೋತ ಕೇಳಿದ್ಲು: ಭಂಗಿ ಇಟ್ಟೀದಿ ಖರೆ, ಗ್ವಾಡಿ ಇಲ್ಲದ ಇಟ್ಟಿದ್ದೇನವ್ವಾ?"

ಇಬ್ಬರೂ ಖಾಲಿ ಅಂಗಡಿಯಲ್ಲಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಬಹಳ ದಿನಗಳ ಮೇಲೆ ನಕ್ಕಿದ್ದು.

ಪರೀಕ್ಷೆಯಲ್ಲಿ ಹೊದಿಕೆ ಅಪಾಯದ್ದಲ್ಲ ಎಂದು ಬಂತು. ಕ್ರಿಸ್‌ಮಸ್ಸಿನ ದೀಪಗಳು ಬೀದಿಯಲ್ಲಿ ಹತ್ತಿಕೊಂಡಿದ್ದಾಗ ಗೋಡೆ ಸೂರು ಮುಟ್ಟಿತು. ಅದರ ಕೆಳಗೆ ಉಕ್ಕಿನ ಜಾಲರಿ, ಜಾಲರಿಗೆ ಅಲಾರ್ಮಿನ ತಂತಿ. ಅಂಡರ್‌ರೈಟರ್ ಸರ್ವೇಯರನ್ನು ಕಳಿಸದೆ ತಾವೇ ಬಂದರು. ಚಂದದ ಕೋಟು ಕಳಚಿಟ್ಟು ಏಣಿ ಹತ್ತಿ, ಹಲಗೆ ಎತ್ತಿ, ತಲೆ ಒಳಗಿಟ್ಟು ಬಹಳ ಹೊತ್ತು ನಿಂತರು. ಕಣ್ಣು ಮುಚ್ಚಿದ್ದರೋ ತೆರೆದಿದ್ದರೋ ಕೆಳಗಿನಿಂದ ಕಾಣುತ್ತಿರಲಿಲ್ಲ.

"ಏನೂ ವಾಸನೆಯಿಲ್ಲ," ಅಂದರು, ಇಳಿದು ಬಂದು. ಆಮೇಲೆ ನನ್ನ ಕಡೆ ತಿರುಗಿ, "ನೀವು ಹೇಳದಿದ್ದರೆ ನಾನು ಕೊಟ್ಟಿರುತ್ತಿದ್ದೆ," ಅಂದರು. ಅದನ್ನು ಹೇಗೆ ತೆಗೆದುಕೊಳ್ಳಬೇಕೋ ತಿಳಿಯದೆ ನಾನು ತಲೆ ಆಡಿಸಿದೆ. ಮರುದಿನದಿಂದಲೇ ಪಾಲಿಸಿ ಜಾರಿಗೆ ಬಂತು.

ಸರಕು ಹಿಂದಿರುಗಿ, ಲೈಸೆನ್ಸಿನವರು ಬಂದು ನೋಡಿ, ಅಕ್ಕ ಶಟರ್ ಎತ್ತಿದ ದಿನ ನಾನೂ ಅಲ್ಲಿದ್ದೆ. ಎಲ್ಲರೂ ಮರಳಲಿಲ್ಲ. ಆ ತಾಯಿ ಮರಳಲಿಲ್ಲ. ಮೊದಲು ಬಂದವರು ಬಸ್ಸಿನ ಅಜ್ಜ. ಉಜ್ಜಿ ಮಿಂಚಿಸಿದ ಬೂಟು ಹಾಗೇ ಇತ್ತು. ಕೈಯಲ್ಲಿ ಮೊದಲಿಲ್ಲದ ಕೋಲಿತ್ತು. ಅವರಿಗೆ ಸೂಚಿಸಿದ್ದ ಫಾರ್ಮಸಿಯಲ್ಲಿ ಆ ಎಣ್ಣೆ ಕೊನೆಗೂ ಬಂದಿರಲಿಲ್ಲ. ಅಕ್ಕ ಪೊಟ್ಟಣವನ್ನು ಎರಡೂ ಕೈಯಲ್ಲಿ ಕೊಟ್ಟು, ಕ್ಷಮಿಸಿ, ಅಂದರು. ಅವರು ಅದನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡರು.

ನಾನೂ ಹೊರಟಿದ್ದೆ. ಅವರ ಜೊತೆ ಬಸ್ಸು ಹತ್ತಿದೆ. ಬಾಗಿಲ ಬಳಿಯ ಸೀಟಿನಲ್ಲಿ ಅವರು ಕಾಲು ಚಾಚಿ ಕೂತರು. ಪಕ್ಕದಲ್ಲಿ ನಾನು. ಮಂಜಿಗೆ ಕಿಟಕಿಗಳು ಬೆಳ್ಳಗಾಗಿದ್ದವು. ಹೊರಗೆ ಬಣ್ಣಗಳಷ್ಟೇ ಕಾಣುತ್ತಿದ್ದವು.

"ಮುಚ್ಚಿಸಿದ್ದರಲ್ಲಿ ನನ್ನ ಪಾಲೂ ಇದೆ," ಅಂದೆ. ಗೋಡೆಯ ಕತೆ ಹೇಳಿದೆ. "ಬಹಳ ನೋವಾಯಿತೇ?"

"ಆಯಿತು," ಅಂದರು. ಸುತ್ತಿಬಳಸಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ ಮಾತಾಡಿದರು. "ಈ ಎಣ್ಣೆ ಶುರುವಾದಾಗಿನಿಂದ ನನಗೆ ಕನಸು ಬೀಳುತ್ತಿರಲಿಲ್ಲ. ಮಲಗಿದರೆ ದೀಪ ಆರಿಸಿದ ಹಾಗೆ. ಔಷಧ ತಪ್ಪಿದ ಮೇಲೆ ದಿನಾ ಕನಸು. ನನ್ನ ಹೆಂಡತಿ ಬರುತ್ತಿದ್ದಳು. ನಾನು ಬಸ್ಸು ಓಡಿಸುತ್ತಿರುತ್ತೇನೆ, ಅವಳು ಹತ್ತಿ ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ಕೊನೇ ಸ್ಟಾಪಿನ ತನಕ ಬರುತ್ತಾಳೆ. ಬದುಕಿದ್ದಾಗ ಅವಳಿಗೆ ಬಸ್ಸೇ ಆಗುತ್ತಿರಲಿಲ್ಲ. ಎರಡು ಸ್ಟಾಪು ದಾಟಿದರೆ ವಾಂತಿ."

ಅವರ ಕೈ ಕೋಟಿನ ಮೇಲೆ, ಒಳಜೇಬು ಇರುವ ಕಡೆ ಇತ್ತು.

"ಇವತ್ತಿನಿಂದ ಮತ್ತೆ ಶುರು ಮಾಡುತ್ತೀರಲ್ಲ?" ಎಂದು ಕೇಳಿದೆ.

"ಮಾಡಲೇಬೇಕು. ಕಾಲು ಬೇಕಲ್ಲ."

ಗಂಟೆ ಒತ್ತಿದರು. ಬಸ್ಸು ಫುಟ್‌ಪಾತಿಗೆ ತಾಗಿದ ಹಾಗೆ ನಿಂತಿತು. ಹಳೇ ಡ್ರೈವರಿಗೆ ಅದು ಇಷ್ಟವಾದಂತೆ ಕಂಡಿತು. ಮುಂದೆ ಬಸ್ಸು ಓಡಿಸುತ್ತಿದ್ದ ಹುಡುಗಿಗೆ ಕೈಯೆತ್ತಿ ಥ್ಯಾಂಕ್ಸ್ ಹೇಳಿದರು. ಕೋಲೂರಿ ಒಂದು ಕಾಲು ಕೆಳಗಿಟ್ಟು, ಇನ್ನೊಂದನ್ನು ಕೈಯಿಂದ ಎತ್ತಿಟ್ಟು, ನನ್ನ ಕಡೆ ತಿರುಗಿದರು.

"ನಾಳೆಯಿಂದ," ಅಂದರು. "ಇವತ್ತೊಂದು ರಾತ್ರಿ ಇರಲಿ."